ಸ್ಕ್ಯಾನರಿನೊಳಗೆ ಮಾತು

ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನೇ ಎಂಆರ್‌ಐ ಚಿತ್ರವಾಗಿ ಹಿಡಿಯಬಹುದೆಂದು 1990ರಲ್ಲಿ ಸೇಜಿ ಒಗಾವಾ ತೋರಿಸಿಕೊಟ್ಟರು. ಎರಡೇ ವರ್ಷಗಳಲ್ಲಿ ಆ ತಂತ್ರ ಮನುಷ್ಯರ ಮಿದುಳಿಗೂ ಬಂತು. ಮೂರು ದಶಕಗಳ ನಂತರ ಹಿಂತಿರುಗಿ ನೋಡಿದರೆ, ಯಂತ್ರ ಸುಧಾರಿಸಿತು ಸರಿ. ನೆನಪಿನ ಅಧ್ಯಯನ ಮಾತ್ರ ನಿಜಕ್ಕೂ ಮುಂದೆ ಸರಿದದ್ದು ಬಿಡಿ ಪದಗಳನ್ನು ಬಿಟ್ಟು ಮಾತಿಗೆ ಕಿವಿಗೊಟ್ಟ ಮೇಲೆ.

ಮೊದಲ ದೊಡ್ಡ ಫಲ ಬಂದದ್ದು 1998ರಲ್ಲಿ. ಆಂಥೊನಿ ವ್ಯಾಗ್ನರ್ ಮತ್ತು ಸಂಗಡಿಗರು ಸ್ಕ್ಯಾನರಿನಲ್ಲಿ ಮಲಗಿದವರಿಗೆ ಒಂದೊಂದೇ ಪದ ತೋರಿಸಿ, ಯಾವುವು ಉಳಿದವೆಂದು ಆಮೇಲೆ ಪರೀಕ್ಷಿಸಿದರು. ನೆನಪಿನಲ್ಲಿ ಉಳಿದ ಪದಗಳನ್ನು ಓದುವಾಗ ಹಣೆಯ ಹಿಂದಿನ ಹಾಗೂ ಕಿವಿಯ ಪಕ್ಕದ ಟೆಂಪೊರಲ್ ಭಾಗದ ಎಡಬದಿಯ ಕೆಲವು ಜಾಗಗಳು ಹೆಚ್ಚು ಚುರುಕಾಗಿದ್ದವು. ಅರ್ಥ ಯೋಚಿಸಿದ ಪದ ಉಳಿಯಿತು, ದೊಡ್ಡಕ್ಷರವೋ ಸಣ್ಣಕ್ಷರವೋ ಎಂದಷ್ಟೇ ನೋಡಿದ್ದು ಜಾರಿತು. ಅರ್ಥ ತಿಳಿದು ಓದಿ ಎನ್ನುತ್ತಿದ್ದ ಮೇಷ್ಟ್ರುಗಳಿಗೆ ಇದು ಹೊಸ ಸುದ್ದಿಯೇನಲ್ಲ.

ಆದರೆ ಪದಪಟ್ಟಿ ನೆನಪಿಟ್ಟುಕೊಂಡು ಬದುಕುವವರು ಯಾರು? ತಂಗಿ ಫೋನಿನಲ್ಲಿ ಹೇಳಿದ ಸುದ್ದಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ಜಗಳ ನಮ್ಮಲ್ಲಿ ಉಳಿಯುತ್ತವೆ. ಸ್ಕ್ಯಾನರಿಗೆ ಇದೇ ಕಷ್ಟ. ತಲೆ ಅಲುಗಿದರೆ ಚಿತ್ರ ಕೆಡುತ್ತದೆ, ಮಾತಾಡಿದರೆ ತಲೆ ಅಲುಗುತ್ತದೆ. ಮಿದುಳು ಚುರುಕಾದ ಮೇಲೆ ರಕ್ತದ ಸಂಕೇತ ತುದಿ ಮುಟ್ಟಲು ಐದಾರು ಸೆಕೆಂಡು ಬೇಕು. ಅಷ್ಟರಲ್ಲಿ ಮಾತು ಹತ್ತಾರು ಪದ ದಾಟಿರುತ್ತದೆ. ಇದರ ಮೇಲೆ, ಚಿತ್ರದಲ್ಲಿ ಚಟುವಟಿಕೆ ತೋರಿಸುವ ಬಣ್ಣದ ಚುಕ್ಕೆಗಳ ಮೋಹ ಬೇರೆ. 2009ರಲ್ಲಿ ಕ್ರೇಗ್ ಬೆನೆಟ್ ತಂಡ ಸತ್ತ ಸಾಲ್ಮನ್ ಮೀನಿನ ಮಿದುಳಲ್ಲೂ 'ಚಟುವಟಿಕೆ' ತೋರಿಸಿ, ಲೆಕ್ಕ ಸಡಿಲವಾದರೆ ಏನಾಗುತ್ತದೆಂದು ಬಯಲುಮಾಡಿತು.

2017ರ ಜಾನಿಸ್ ಚೆನ್ ತಂಡದ ಪ್ರಯೋಗವನ್ನು ನಾವು ತಿರುವು ಎನ್ನುತ್ತೇವೆ. 17 ಮಂದಿ 'ಷರ್ಲಾಕ್' ಟಿವಿ ಸರಣಿಯ ಸುಮಾರು ಐವತ್ತು ನಿಮಿಷ ನೋಡಿ, ಸ್ಕ್ಯಾನರಿನಲ್ಲಿ ಮಲಗಿಯೇ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಿದರು. ಒಬ್ಬೊಬ್ಬರ ಪದಗಳು ಬೇರೆ, ಉದ್ದ ಬೇರೆ. ಆದರೂ ಒಂದೇ ದೃಶ್ಯವನ್ನು ಹೇಳುವಾಗ ಮಿದುಳಿನ ಚಟುವಟಿಕೆಯ ವಿನ್ಯಾಸ ಒಬ್ಬರದು ಇನ್ನೊಬ್ಬರದನ್ನು ಹೋಲುತ್ತಿತ್ತು. ಕೆಲವು ಭಾಗಗಳಲ್ಲಂತೂ ಈ ಹೋಲಿಕೆ ನೋಡುವಾಗಿನ ವಿನ್ಯಾಸದೊಂದಿಗೆ ಇದ್ದುದಕ್ಕಿಂತ ಹೆಚ್ಚು. ನೋಡಿದ್ದು ನೆನಪಾಗುವಾಗ ಬದಲಾಗುತ್ತದೆ, ಬದಲಾಗುವ ದಾರಿ ಮಾತ್ರ ಹಲವರಲ್ಲಿ ಒಂದೇ. ಕಟ್ಟೆಯ ಮೇಲೆ ಕೂತು ಸಿನಿಮಾ ಕಥೆ ಹೇಳುವವರಿಗೆ ವಿಜ್ಞಾನದ ಬೆಂಬಲ ಸಿಕ್ಕಂತಾಯಿತು.

ಮಾತಿನ ನೆನಪಿನ ಈ ಹುಡುಕಾಟದಲ್ಲಿ ನಮ್ಮ ದೇಶದ ಪಾಲೂ ಇದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ವೇದಗಳನ್ನು ಕಂಠಪಾಠ ಮಾಡಿದ 21 ಪಂಡಿತರ ಮಿದುಳಿನ ರಚನೆಯನ್ನು ಇತರರದರೊಂದಿಗೆ ಹೋಲಿಸಿ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನ ಬಲಬದಿ ಸೇರಿ ಹಲವೆಡೆ ವ್ಯತ್ಯಾಸ ಕಂಡಿತು. ಕಂಠಪಾಠದಿಂದಲೇ ಹಾಗಾಯಿತೆಂದು ಇದರಿಂದ ಹೇಳಲಾಗದು.

ಇದೆಲ್ಲ ಪ್ರಯೋಗಾಲಯದಲ್ಲೇ ಉಳಿದಿಲ್ಲ. ಅಪಸ್ಮಾರಕ್ಕೆ ಎಡ ಟೆಂಪೊರಲ್ ಭಾಗದ ಶಸ್ತ್ರಚಿಕಿತ್ಸೆ ಮಾಡುವ ಮುನ್ನ, ಮಾತಿನ ನೆನಪು ಎಷ್ಟು ಕುಂದೀತೆಂದು ಅಂದಾಜಿಸಲು ಮಿದುಳಿನ ಚಟುವಟಿಕೆಯ ಇಂಥ ಚಿತ್ರಗಳು ಈಗಲೇ ನೆರವಾಗುತ್ತಿವೆ. ಅಲ್ಲಿ ಕನ್ನಡದ ರೋಗಿಗೆ ಬೇಕಾದದ್ದು ಇಂಗ್ಲಿಷಿನಿಂದ ಎತ್ತಿಟ್ಟ ಪದಪಟ್ಟಿಯಲ್ಲ. ಅವರ ಮನೆಮಾತಿನಲ್ಲೇ ಕಟ್ಟಿದ ಕಥೆ, ಸಂಭಾಷಣೆ. ಮುಂದಿನ ದಶಕದ ಅನುದಾನ ಮೊದಲು ಹೋಗಬೇಕಾದದ್ದು ಅಂಥ ಪರೀಕ್ಷೆಗಳಿಗೆ.