ಬಾಗಿದ ಅಲಗನ್ನು ಬಿಸಾಡುವ ಮುನ್ನ

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಘನವಸ್ತುಗಳ ಯಾಂತ್ರಿಕ ಗುಣಗಳ ಬಗ್ಗೆ ಒಂದು ಪಾಠವಿದೆ. ಲೋಹದ ತಂತಿಯನ್ನು ಎಳೆದರೆ ಎಲ್ಲಿಯವರೆಗೆ ಅದು ಮೊದಲಿನ ಸ್ಥಿತಿಗೆ ಮರಳುತ್ತದೆ, ಎಲ್ಲಿಂದ ಮುಂದೆ ಮರಳುವುದಿಲ್ಲ, ಎಲ್ಲಿ ತುಂಡಾಗುತ್ತದೆ ಎಂದು ಗ್ರಾಫ್ ಬರೆದು ನಾವೆಲ್ಲ ಅಂಕ ತೆಗೆದುಕೊಂಡಿದ್ದೇವೆ. ಆದರೆ ಬಾಗಿದ ಒಂದು ಉಕ್ಕಿನ ಚೂರನ್ನು ಕೈಗಿಟ್ಟು ‘ಇದನ್ನು ನೇರ ಮಾಡು’ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದನ್ನು ಎಲ್ಲಿ ಹಿಡಿಯಬೇಕು ಎಂಬುದೂ ತಿಳಿಯದು. ತಿಳಿದವರು ನಮ್ಮ ಮನೆಗಳಲ್ಲೇ, ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಅವರ ತಿಳಿವಳಿಕೆಯೂ ವಿದ್ಯೆಯೇ, ಅದಕ್ಕೆ ನಮ್ಮ ಕಾಲೇಜಿನಲ್ಲಿ ಜಾಗ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ವಿವರಿಸಲು ಬೇಟೆಯ ಬಾಣದ ಅಲಗನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಬಾಣದ ಅಲಗೇ ಏಕೆ? ಅದರಲ್ಲಿ ಸಣ್ಣ ತಪ್ಪೂ ಮುಚ್ಚಿಡಲು ಬರುವುದಿಲ್ಲ. ಮೊನೆ ಕೂದಲೆಳೆಯಷ್ಟು ಓರೆಯಾದರೂ ಗಾಳಿ ಅದನ್ನು ಒಂದು ಕಡೆಗೆ ತಳ್ಳುತ್ತದೆ, ಬಾಣ ದಾರಿ ತಪ್ಪುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಾಡುಪ್ರಾಣಿಗಳ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು. ಅಮೆರಿಕದಂಥ ದೇಶಗಳಲ್ಲಿ ಪರವಾನಗಿ ಪಡೆದು ಹಳೆಯ ಮಾದರಿಯ ಬಿಲ್ಲಿನಿಂದ ಬೇಟೆಯಾಡುವವರು ಇಂದಿಗೂ ಇದ್ದಾರೆ. ಅಲ್ಲಿ ಗುರಿ ತಪ್ಪಿದ ಬಾಣ ಕಲ್ಲಿಗೋ ಮರಕ್ಕೋ ಬಡಿದು ಅಲಗು ಬಾಗಿದರೆ ಅದನ್ನು ಬಿಸಾಡಬೇಕೋ ಸರಿಮಾಡಬೇಕೋ ಎಂಬುದು ಗಂಭೀರ ಪ್ರಶ್ನೆ. ಸರಿಯಿಲ್ಲದ ಅಲಗು ಪ್ರಾಣಿಯನ್ನು ಕೊಲ್ಲದೆ ಬರೀ ಗಾಯಗೊಳಿಸಿ ನರಳಿಸಬಹುದು.

ನಮ್ಮ ಧರ್ಮದಲ್ಲೂ ಇದು ಹೊಸ ಪ್ರಶ್ನೆಯಲ್ಲ. ಬಾಣದ ಹರಿತವಾದ ಭಾಗ ತಾಗಿ ಸತ್ತ ಬೇಟೆಯನ್ನು ತಿನ್ನಬಹುದು, ಅದರ ಅಡ್ಡಭಾಗ ಬಡಿದು ಸತ್ತದ್ದನ್ನು ತಿನ್ನಬಾರದು ಎಂದು ಪ್ರವಾದಿ ಮುಹಮ್ಮದ್(ಸ) ಅವರು ಅದಿಯ್ಯ್ ಬಿನ್ ಹಾತಿಮ್(ರ) ಅವರಿಗೆ ತಿಳಿಸಿದ ಹದೀಸ್ ಪ್ರಸಿದ್ಧವಾಗಿದೆ. ಪ್ರಾಣಿಯನ್ನು ಝಬಹ್ ಮಾಡುವಾಗ ಕತ್ತಿಯನ್ನು ಹರಿತಗೊಳಿಸಿ, ಅದಕ್ಕೆ ನೋವು ಕಡಿಮೆ ಮಾಡಿ ಎಂಬ ಆದೇಶವೂ ಇದೆ. ಅಂದರೆ ಉಪಕರಣವನ್ನು ಸರಿಯಾಗಿ ಇಟ್ಟುಕೊಳ್ಳುವುದು ಬರೀ ಕೈಕೆಲಸವಲ್ಲ, ಅದು ಒಂದು ಜವಾಬ್ದಾರಿ.

ಈಗ ದುರಸ್ತಿಯ ವಿಷಯಕ್ಕೆ ಬರೋಣ. ಮೊದಲ ಕೆಲಸ ಸುತ್ತಿಗೆ ಎತ್ತುವುದಲ್ಲ, ನೋಡುವುದು. ಅಲಗನ್ನು ಒರೆಸಿ, ಬೆಳಕಿಗೆ ಹಿಡಿದು, ಬಾಗಿದ ಜಾಗದಲ್ಲಿ ಬಿರುಕು ಇದೆಯೇ ಎಂದು ಪರೀಕ್ಷಿಸಬೇಕು. ಕೂದಲಿನಷ್ಟು ಸಣ್ಣ ಬಿರುಕು ಇದ್ದರೂ ಅದು ಗುಜರಿಗೇ ಹೋಗಬೇಕು. ಬಿರುಕು ಇಲ್ಲದಿದ್ದರೆ ಎಲ್ಲಿ ಬಾಗಿದೆ ಎಂಬುದು ಮುಖ್ಯ. ತುದಿ ಮಾತ್ರ ಸುರುಳಿಯಾಗಿದ್ದರೆ ಅದನ್ನು ಹಿಂದಕ್ಕೆ ಬಗ್ಗಿಸಲು ಹೋಗಬಾರದು, ಅರದಿಂದ ಅಷ್ಟನ್ನು ಉಜ್ಜಿ ತೆಗೆದು ಹೊಸ ಮೊನೆ ಮಾಡಬೇಕು. ಅಲಗಿನ ಮೈ ಸ್ವಲ್ಪ ಬಾಗಿದ್ದರೆ ತಣ್ಣಗಿರುವಾಗಲೇ ಎರಡು ಮರದ ತುಂಡುಗಳ ನಡುವೆ ವೈಸ್‌ನಲ್ಲಿ ಹಿಡಿದು ನಿಧಾನವಾಗಿ ಒತ್ತಬೇಕು. ಉಕ್ಕು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ ನೇರಕ್ಕಿಂತ ಒಂದಿಷ್ಟು ಹೆಚ್ಚಿಗೆ ಒತ್ತಬೇಕಾಗುತ್ತದೆ. ಎಷ್ಟು ಹೆಚ್ಚು ಎಂಬುದನ್ನು ಕೈಯೇ ಕಲಿಯಬೇಕು. ಕಡ್ಡಿ ಸೇರಿಸುವ ಕೊಳವೆ ಬಾಗಿದ್ದರೆ ಒಳಗೆ ಸರಿಯಾದ ಅಳತೆಯ ಗಟ್ಟಿ ಕಂಬಿ ತೂರಿಸಿ ಹೊರಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟಬೇಕು. ಒಂದೇ ಜಾಗವನ್ನು ಹಿಂದಕ್ಕೆ ಮುಂದಕ್ಕೆ ಮತ್ತೆ ಮತ್ತೆ ಬಗ್ಗಿಸಿದರೆ ಲೋಹ ಪೆಡಸಾಗಿ ಮುರಿಯುತ್ತದೆ. ತಂತಿಯನ್ನು ಹಾಗೆ ಬಗ್ಗಿಸಿ ತುಂಡರಿಸಿದವರಿಗೆಲ್ಲ ಇದು ಗೊತ್ತು.

ತುಂಬಾ ಬಾಗಿದ್ದರೆ ಕಾಯಿಸಲೇಬೇಕು. ಆದರೆ ಕಾಯಿಸಿದರೆ ಅಲಗಿನ ಹದ ಹೋಗುತ್ತದೆ, ನೇರವಾದ ಮೇಲೆ ಮತ್ತೆ ಹದ ಕೊಡಬೇಕು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಸ್ವಭಾವ ಬರುತ್ತದೆ. ಆಮೇಲೆ ಮೈಯನ್ನು ಉಜ್ಜಿ ಹೊಳಪು ಬರಿಸಿ ಮತ್ತೆ ಹಿತವಾಗಿ ಕಾಯಿಸಿದರೆ ಅದರ ಮೇಲೆ ಬಣ್ಣಗಳು ಓಡುತ್ತವೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ನಂತರ ಕಂದು, ನೇರಳೆ, 300ರ ಸುಮಾರಿಗೆ ನೀಲಿ. ಬೇಕಾದ ಬಣ್ಣ ಬಂದ ಕ್ಷಣದಲ್ಲಿ ನಿಲ್ಲಿಸಬೇಕು. ಕೊನೆಗೆ ಎರಡೂ ಅಂಚುಗಳಿಗೆ ಸಮನಾಗಿ ಸಾಣೆ ಹಿಡಿದು, ಬಾಣಕ್ಕೆ ಸೇರಿಸಿ, ಬಾಣವನ್ನು ತಿರುಗಿಸಿ ನೋಡಬೇಕು. ಮೊನೆ ಅಲುಗಾಡದೆ ಒಂದೇ ಬಿಂದುವಿನಲ್ಲಿ ನಿಂತಂತೆ ಕಂಡರೆ ಕೆಲಸ ಮುಗಿಯಿತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಬಾಣ ಯಾರ ಬಳಿ ಇದೆ ಎಂದು ನೀವು ಕೇಳಬಹುದು. ಬಾಣ ಇಲ್ಲದಿರಬಹುದು, ಬಾಗಿದ ಅಲಗು ಮಾತ್ರ ದಿನವೂ ಇದೆ. ರಾಗಿ ಕೊಯ್ಯುವ ಕುಡುಗೋಲು, ಹಿಪ್ಪುನೇರಳೆ ಕಡ್ಡಿ ಕತ್ತರಿಸುವ ಮಚ್ಚು, ತೆಂಗಿನಕಾಯಿ ಸುಲಿಯುವ ಕಬ್ಬಿಣ, ನೇಗಿಲ ಗುಳ ಎಲ್ಲವೂ ಬಾಗುತ್ತವೆ, ಮೊಂಡಾಗುತ್ತವೆ. ಕುಲುಮೆಯವರು ಎದುರಿಸುವ ಪ್ರಶ್ನೆಯೂ ಅದೇ: ಬಿರುಕಿದೆಯೇ, ತಣ್ಣಗೆ ಬಡಿಯಬಹುದೇ, ಕಾಯಿಸಬೇಕೇ, ಹದ ಎಷ್ಟು ಕೊಡಬೇಕು? ಚನ್ನಪಟ್ಟಣದಲ್ಲಿ ಆಟಿಕೆ ಮಾಡುವವರ ಉಳಿಯೂ ಹಾಗೆಯೇ. ನನ್ನ ದೊಡ್ಡಪ್ಪ, ನಾವು ಬಡೇ ಅಬ್ಬಾ ಎನ್ನುತ್ತೇವೆ, ಆಲೆ ಮರದ ಆಟಿಕೆ ಕಡೆಯುವವರು. ಉಳಿಗೆ ಸಾಣೆ ಹಿಡಿಯುವಾಗ ಅವರು ಹೇಳುವ ಮಾತು ಒಂದೇ: “ಆತುರ ಬೇಡ ಬೇಟಾ, ಅಂಚು ನೀಲಿಗೆ ತಿರುಗಿದರೆ ಹದ ಹೋಯಿತು ಅಂತಲೇ ಲೆಕ್ಕ.” ಆ ನೀಲಿ ಏಕೆ ಬರುತ್ತದೆ ಎಂಬುದು ನನಗೆ ದ್ವಿತೀಯ ಪಿಯುಸಿಯ ತರಂಗ ದೃಗ್ವಿಜ್ಞಾನ ಓದುವಾಗ ಅರ್ಥವಾಯಿತು. ಉಕ್ಕಿನ ಮೇಲೆ ಬೆಳೆಯುವ ಆಕ್ಸೈಡಿನ ತೆಳು ಪದರದಲ್ಲಿ ಬೆಳಕಿನ ವ್ಯತಿಕರಣ ಆಗುತ್ತದೆ. ಪದರದ ದಪ್ಪ ಬದಲಾದಂತೆ ಬಣ್ಣ ಬದಲಾಗುತ್ತದೆ. ಬಡೇ ಅಬ್ಬಾ ಆ ಹೆಸರು ಕೇಳಿದವರಲ್ಲ, ಆದರೆ ಆ ಬಣ್ಣವನ್ನು ನನಗಿಂತ ಚೆನ್ನಾಗಿ ಓದಬಲ್ಲರು.

ಅದೇ ರೀತಿ ಅಲಗನ್ನು ಎಷ್ಟು ಕಾಯಿಸಬೇಕು ಎಂದು ತಿಳಿಯಲು ಆಯಸ್ಕಾಂತ ಹಿಡಿದು ನೋಡುವ ಉಪಾಯವಿದೆ. ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ಇನ್ನೊಂದಿಷ್ಟು ಕಾದ ಮೇಲೆ ಎಣ್ಣೆಯಲ್ಲಿ ಅದ್ದಬೇಕು. ನಾವು ಅದನ್ನು ಕ್ಯೂರಿ ತಾಪಮಾನ ಎಂದು ಬಾಯಿಪಾಠ ಮಾಡುತ್ತೇವೆ.

ನಮ್ಮ ನೆಲಕ್ಕೆ ಉಕ್ಕು ಹೊಸದೂ ಅಲ್ಲ. ಟಿಪ್ಪು ಸುಲ್ತಾನರ ಮರಣದ ಮರುವರ್ಷ, 1800ರಲ್ಲಿ, ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ಸಂಗೀತ ವಾದ್ಯಗಳಿಗಾಗಿ ಮಾಡುತ್ತಿದ್ದ ಉಕ್ಕಿನ ತಂತಿಯ ಬಗ್ಗೆ, ಮಾಗಡಿ ಸುತ್ತ ಕಬ್ಬಿಣ ಕರಗಿಸುತ್ತಿದ್ದವರ ಬಗ್ಗೆ ಬರೆದಿದ್ದಾರೆ. ಅವರ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದ ಉಕ್ಕನ್ನು ಯೂರೋಪಿನವರು ‘ವೂಟ್ಸ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ. 1819ರಲ್ಲಿ ಆ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದವರು ಮೈಕೆಲ್ ಫ್ಯಾರಡೆ. ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮದಲ್ಲಿ ನಾವು ಓದುವ ಅದೇ ಫ್ಯಾರಡೆ. ಅವರ ತಂದೆ ಒಬ್ಬ ಕಮ್ಮಾರ.

ಈ ಕೊನೆಯ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಅರ್ಜಿ ತುಂಬುವಾಗ ‘ತಂದೆಯ ಉದ್ಯೋಗ’ ಎಂಬ ಸಾಲಿಗೆ ಬಂದರೆ ಪೆನ್ನು ನಿಲ್ಲುವವರು ನಮ್ಮಲ್ಲಿ ಎಷ್ಟೋ ಜನ. ವೆಲ್ಡಿಂಗ್, ಲೇತ್, ಪಂಕ್ಚರ್, ಟಿಂಕರಿಂಗ್, ರೇಷ್ಮೆ ನೂಲು ಬಿಚ್ಚಾಣಿಕೆ ಎಂದು ಬರೆಯಲು ನಾಚಿ ‘ಬಿಸಿನೆಸ್’ ಎಂದು ಬರೆದುಬಿಡುತ್ತೇವೆ. ಪ್ರವಾದಿ ದಾವೂದ್(ಅ) ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನೆಂದು ಕುರ್‌ಆನ್ ಹೇಳುತ್ತದೆ. ಅವರು ಸ್ವಂತ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಹದೀಸ್‌ನಲ್ಲಿದೆ. ನಮ್ಮ ಪ್ರವಾದಿ(ಸ) ತಮ್ಮ ಚಪ್ಪಲಿಯನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಜುಮಾ ಬಯಾನ್‌ನಲ್ಲಿ ಇದನ್ನೆಲ್ಲ ಕೇಳಿ ತಲೆದೂಗುವ ನಾವು ಸೋಮವಾರ ಅರ್ಜಿಯಲ್ಲಿ ಅಬ್ಬಾನ ಕೆಲಸವನ್ನು ಮರೆಮಾಚುವುದು ಸರಿಯೇ?

ಆಕ್ಷೇಪಗಳು ಬರುತ್ತವೆಂದು ಗೊತ್ತು. ಒಂದು, ಸಿಇಟಿ, ನೀಟ್ ಇರುವಾಗ ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬುದು. ನಾನು ಹೊಸ ವಿಷಯ ಸೇರಿಸಿ ಎನ್ನುತ್ತಿಲ್ಲ. ಇರುವ ಪಾಠವನ್ನೇ ಒಂದು ದಿನ ಕೈಯಲ್ಲಿ ಹಿಡಿದು ನೋಡೋಣ ಎನ್ನುತ್ತಿದ್ದೇನೆ. ಎರಡನೆಯದು, ಹೊಸದು ಅಗ್ಗಕ್ಕೆ ಸಿಗುವಾಗ ದುರಸ್ತಿ ಏಕೆ ಎಂಬುದು. ಕೆಲವು ಸಲ ಇದು ನಿಜ. ತೆಳುವಾದ, ಬದಲಾಯಿಸುವಂಥ ಬ್ಲೇಡುಗಳ ಬಾಣಗಳಲ್ಲಿ ಬಾಗಿದ ಬ್ಲೇಡನ್ನು ಬದಲಾಯಿಸುವುದೇ ಸರಿ. ಯಾವುದನ್ನು ಉಳಿಸಬಹುದು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೇ ಇಲ್ಲಿ ಕಲಿಯಬೇಕಾದದ್ದು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಂಥ ಕಾಲೇಜಿನಲ್ಲಿ ಅಲಗು, ಬಾಣ ಎಂಬ ಮಾತು ಕೇಳಿದರೆ ಹೊರಗಿನವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅದು. ಆ ಅಳುಕಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಮಸೀದಿಯಲ್ಲಿ, ಸಂತೆಯಲ್ಲಿ ಬಾಣ ಹಿಡಿದು ಹೋಗುವವರು ಯಾರಿಗೂ ತಾಗದಂತೆ ಅದರ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದ್ದರಿಂದ ಕಾಲೇಜಿಗೆ ಹರಿತವಾದ ಏನನ್ನೂ ತರುವುದು ಬೇಡ. ಬಾಗಿದ ಕಬ್ಬಿಣದ ಪಟ್ಟಿ, ಮುರಿದ ಸ್ಟೂಲಿನ ಕಾಲು, ಸಡಿಲಾದ ಕತ್ತರಿ ಸಾಕು. ಪಾಠ ಅದೇ. ಆದರೆ ಅಂಜಿಕೊಂಡು ನಮ್ಮ ಹಿರಿಯರ ಕೈಕಸುಬನ್ನೇ ಅಡಗಿಸಿಟ್ಟರೆ ನಷ್ಟ ನಮಗೇ.

ನನ್ನ ಸಲಹೆ ಸರಳ. ತಿಂಗಳಿಗೊಂದು ಶನಿವಾರ ಕೊನೆಯ ಎರಡು ಅವಧಿಗಳನ್ನು ದುರಸ್ತಿಗೆ ಬಿಡಲಿ. ಕುಲುಮೆಯವರು, ಲೇತ್‌ನವರು, ಹೊಲಿಗೆ ಯಂತ್ರ ರಿಪೇರಿ ಮಾಡುವವರು, ರೇಷ್ಮೆ ಫಿಲೇಚರಿನಲ್ಲಿ ದುಡಿಯುವ ಹೆಣ್ಣುಮಕ್ಕಳು, ಯಾವ ಧರ್ಮದವರೇ ಆಗಿರಲಿ, ಒಬ್ಬೊಬ್ಬರನ್ನು ಅತಿಥಿ ಉಪನ್ಯಾಸಕರಂತೆ ಕರೆಯೋಣ. ಅವರ ಒಂದು ದಿನದ ಕೂಲಿಗೆ ಕಡಿಮೆಯಾಗದ ಗೌರವಧನ ಕೊಡೋಣ. ಪಕ್ಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರು ನಿಂತು ಅದರ ಹಿಂದಿನ ನಿಯಮ ವಿವರಿಸಲಿ. ಹುಡುಗಿಯರೂ ಹುಡುಗರೂ ಇಬ್ಬರೂ ಕೈಹಾಕಲಿ.

ಮೊದಲ ಶನಿವಾರಕ್ಕೆ ಬಡೇ ಅಬ್ಬಾ ಅವರನ್ನು ಕೇಳಿದ್ದೇನೆ, ಬರಲು ಒಪ್ಪಿದ್ದಾರೆ. ಅವರ ಷರತ್ತು ಒಂದೇ: ಯಾರೂ ಬೆಂಚಿನ ಮೇಲೆ ಕೂರಬಾರದು, ಎಲ್ಲರೂ ವೈಸ್ ಸುತ್ತ ನಿಲ್ಲಬೇಕು. ಪ್ರಾಂಶುಪಾಲರ ಅನುಮತಿಯೊಂದು ಬಾಕಿ ಇದೆ.