ಪತ್ತಾಯ ತುಂಬಿದರೆ ಮನೆಯನ್ನೇ ಕೆಡವಬೇಕೆ?

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳಬಾರದು ಎಂಬುದು ಹಿರಿಯರ ಮಾತು. ಆದರೆ ಲ್ಯಾಪ್‌ಟಾಪಿನ ವಿಷಯದಲ್ಲಿ ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿರುವುದು ಇದೇ. ಆರೇಳು ವರ್ಷಗಳ ಹಿಂದೆ ಕೊಂಡ ಯಂತ್ರ. ಪರದೆಗೆ ಕುಂದಿಲ್ಲ, ಕೀಲಿಮಣೆಗೂ ಕುಂದಿಲ್ಲ. ಆದರೆ ‘ಜಾಗವಿಲ್ಲ’ ಎಂಬ ಸೂಚನೆ ಪದೇ ಪದೇ ಬರುತ್ತದೆ, ಚಾಲೂ ಆಗಲು ಐದು ನಿಮಿಷ ಕಾಯಬೇಕಾಗುತ್ತದೆ. ಮಗನೋ ಮಗಳೋ ಪ್ಲಸ್ ವನ್ ಸೇರುವ ಹೊತ್ತಿಗೆ ಹೊಸತು ಬೇಕೆಂಬ ಹಟ. ಹೆತ್ತವರು ಅಡಿಕೆ ಮಾರಿದ ಹಣವನ್ನೋ ಸೊಸೈಟಿಯ ಸಾಲವನ್ನೋ ಅದಕ್ಕೆ ಸುರಿಯುತ್ತಾರೆ. ಹಳೆಯದು ಕಪಾಟಿನ ಮೇಲೇರುತ್ತದೆ. ಈ ಖರ್ಚಿನಲ್ಲಿ ಬಹುಪಾಲು ಅನವಶ್ಯಕವೆಂದೂ, ಲ್ಯಾಪ್‌ಟಾಪಿಗೆ ಹೆಚ್ಚು ಸಾಮರ್ಥ್ಯದ ಹಾರ್ಡ್ ಡಿಸ್ಕನ್ನು ಜೋಡಿಸುವ ಕೆಲಸವನ್ನು ಹೈಸ್ಕೂಲಿನ ಮಕ್ಕಳೇ ಕಲಿಯಬೇಕೆಂದೂ ನಮ್ಮ ಅಭಿಪ್ರಾಯ.

ಮೊದಲು ವಿಷಯವನ್ನು ತಿಳಿಯೋಣ. ಹಾರ್ಡ್ ಡಿಸ್ಕ್ ಎಂಬುದು ನಮ್ಮ ಹಳೆಯ ಮನೆಗಳ ಪತ್ತಾಯವಿದ್ದಂತೆ. ಭತ್ತವನ್ನು ಹಾಕಿಟ್ಟರೆ ಮುಂದಿನ ಬೆಳೆಯ ತನಕ ಅಲ್ಲೇ ಇರುತ್ತದೆ. ರ್‍ಯಾಮ್ ಎಂಬುದು ಅಂಗಳವಿದ್ದಂತೆ. ಆ ದಿನದ ಕೆಲಸಕ್ಕೆ ಬೇಕಾದುದನ್ನು ಮಾತ್ರ ಅಲ್ಲಿ ಹರಡುತ್ತೇವೆ, ಸಂಜೆಗೆ ಬರಿದಾಗುತ್ತದೆ. ಇವೆರಡನ್ನೂ ‘ಮೆಮೊರಿ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ಪತ್ತಾಯ ತುಂಬಿದಾಗ ಮಾಡಬೇಕಾದುದು ದೊಡ್ಡ ಪತ್ತಾಯದ ವ್ಯವಸ್ಥೆಯೇ ಹೊರತು ಮನೆಯನ್ನು ಕೆಡವುವುದಲ್ಲ.

ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ನೆಯ ಇಸವಿಯಲ್ಲೇ ಐ.ಬಿ.ಎಂ. ಸಂಸ್ಥೆಯು ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು ಎಂಬುದು ಸ್ವಾರಸ್ಯಕರ. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು. ಅಷ್ಟಾಗಿಯೂ ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ, ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಗಳಷ್ಟು. ಇಂದು ಅಂಗೈಯಲ್ಲಿ ಅಡಗುವ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆ.

ಲ್ಯಾಪ್‌ಟಾಪಿಗೆ ಯಾವ ಡಿಸ್ಕ್ ಹೊಂದುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡತಕ್ಕದ್ದು. ಸ್ವಲ್ಪ ಹಳೆಯ ಯಂತ್ರಗಳಲ್ಲಿ ಇರುವುದು ಎರಡೂವರೆ ಇಂಚಿನ ‘ಸಾಟಾ’ ಡಿಸ್ಕ್. ಇದರ ದಪ್ಪ ಸಾಮಾನ್ಯವಾಗಿ 7 ಅಥವಾ 9.5 ಮಿಲಿಮೀಟರ್. 7 ಮಿ.ಮೀ. ಜಾಗದಲ್ಲಿ 9.5 ಮಿ.ಮೀ. ದಪ್ಪದ್ದು ಕೂರುವುದಿಲ್ಲ. ಹೊಸ ಯಂತ್ರಗಳಲ್ಲಿ ಇರುವುದು ಚೂಯಿಂಗ್ ಗಮ್ಮಿನ ಪಟ್ಟಿಯಂತಹ ‘ಎಂ.2’, ಹೆಚ್ಚಿನವು 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಇದರಲ್ಲಿಯೂ ಸಾಟಾ, ಎನ್.ವಿ.ಎಂ.ಇ. ಎಂದು ಎರಡು ಬಗೆ. ಒಂದರ ಜಾಗಕ್ಕೆ ಇನ್ನೊಂದು ಎಲ್ಲ ಯಂತ್ರಗಳಲ್ಲೂ ಆಗುವುದಿಲ್ಲ. ಕೆಲವು ಅಗ್ಗದ ಮತ್ತು ಕೆಲವು ಬಲು ತೆಳ್ಳಗಿನ ಯಂತ್ರಗಳಲ್ಲಿ ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಂತಹವನ್ನು ಬದಲಿಸುವಂತಿಲ್ಲ. ಇದನ್ನು ಕೊಳ್ಳುವ ದಿನವೇ ಅಂಗಡಿಯಲ್ಲಿ ವಿಚಾರಿಸುವುದು ಜಾಣತನ.

ತಿರುಗುವ ತಟ್ಟೆಗಳ ಡಿಸ್ಕಿಗೆ ಬದಲಾಗಿ ಎಸ್.ಎಸ್.ಡಿ. ಹಾಕಿದರೆ ಜಾಗದೊಂದಿಗೆ ವೇಗವೂ ಹೆಚ್ಚುತ್ತದೆ. ಹಳೆಯ ಡಿಸ್ಕಿನ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ಸುತ್ತುತ್ತದೆ. ಬೇಕಾದ ಅಂಶ ಮುಳ್ಳಿನ ಕೆಳಗೆ ಬರುವ ತನಕ ಯಂತ್ರ ಕಾಯಬೇಕು. ಎಸ್.ಎಸ್.ಡಿ.ಯಲ್ಲಿ ಸುತ್ತುವ ಭಾಗವೇ ಇಲ್ಲ. ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಸಿದ್ಧವಾಗುವುದನ್ನು ಕಂಡಾಗ ಮಕ್ಕಳ ಮುಖ ಅರಳುತ್ತದೆ. ಇದರ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ.

ಕೆಲಸದ ಕ್ರಮವೂ ಕಷ್ಟದ್ದಲ್ಲ. ಬೇಕಾದ ಕಡತಗಳನ್ನೆಲ್ಲ ಬೇರೊಂದು ಕಡೆ ನಕಲು ಮಾಡಿಟ್ಟುಕೊಳ್ಳುವುದು ಮೊದಲ ಹೆಜ್ಜೆ. ಚಾರ್ಜರನ್ನು ಕಿತ್ತು, ಯಂತ್ರವನ್ನು ಪೂರ್ಣವಾಗಿ ಆರಿಸಿ, ಮುಚ್ಚಳ ತೆರೆದೊಡನೆ ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಮೈಯಲ್ಲಿರುವ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಅಪಾಯಕಾರಿಯಾದುದರಿಂದ ಮೊದಲು ಯಾವುದಾದರೂ ಲೋಹದ ವಸ್ತುವನ್ನು ಮುಟ್ಟಿಕೊಳ್ಳಬೇಕು. ತೆಗೆದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಇಡಬೇಕು. ಉದ್ದದ ಸ್ಕ್ರೂವನ್ನು ಗಿಡ್ಡದ ಜಾಗದಲ್ಲಿ ತಿರುಗಿಸಿದರೆ ಬೋರ್ಡು ಕೆಡುತ್ತದೆ. ಹಳೆಯ ಡಿಸ್ಕಿಗೆ ಒಂದು ಯು.ಎಸ್.ಬಿ. ಕವಚ ತೊಡಿಸಿದರೆ ಅದು ಹೊರಗಿನ ಡಿಸ್ಕಾಗಿ ಇನ್ನೂ ಕೆಲವು ಕಾಲ ದುಡಿಯುತ್ತದೆ.

1 ಟಿ.ಬಿ. ಎಂದು ಬರೆದಿರುವ ಡಿಸ್ಕ್ ವಿಂಡೋಸಿನಲ್ಲಿ 931 ಜಿ.ಬಿ. ಎಂದು ಕಂಡಾಗ ಅಂಗಡಿಯವರು ಮೋಸ ಮಾಡಿದರೆಂದು ದೂರಬಾರದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರು ಬೇರೆ, ಭತ್ತ ಅಷ್ಟೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಆದುದರಿಂದ ಅವು ಗುಜರಿಗೇ ಸೈ ಎನ್ನುವವರಿದ್ದಾರೆ. ಆದರೆ ಕೇರಳದ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಕೈಟ್ ಸಂಸ್ಥೆಯ ಲಿನಕ್ಸ್ ವ್ಯವಸ್ಥೆಯನ್ನು, ಐ.ಟಿ. ಪಠ್ಯಪುಸ್ತಕವೂ ಅವರ ಕೈಯಲ್ಲಿ ಕನ್ನಡದಲ್ಲೇ ಇದೆ. ಹೊಸ ಡಿಸ್ಕಿಗೆ ಅದನ್ನೇ ಹಾಕಿಕೊಂಡರೆ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ನಡೆಯುತ್ತದೆ. ಬೇರೆಡೆಯ ಮಕ್ಕಳಿಗಿಲ್ಲದ ಈ ಅನುಕೂಲವನ್ನು ನಾವೇಕೆ ಬಿಟ್ಟುಕೊಡಬೇಕು?

ಎಳೆಯರ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಇದ್ದುದೂ ಹಾಳಾಗದೆ ಎಂಬ ಹೆತ್ತವರ ಭಯ ಸಹಜವೇ. ವಾರಂಟಿ ಇರುವ ಯಂತ್ರವನ್ನು ಅದರ ನಿಯಮ ನೋಡದೆ ತೆರೆಯಬಾರದೆಂಬುದನ್ನೂ ನಾವು ಒಪ್ಪುತ್ತೇವೆ. ಆದರೆ ಅಡಿಕೆ ಸುಲಿಯುವ ಕತ್ತಿಯನ್ನು ಹಿಡಿಯಲು ಮಕ್ಕಳು ಕಲಿತದ್ದು ದೊಡ್ಡವರ ಪಕ್ಕದಲ್ಲಿ ಕುಳಿತೇ. ಕೆಟ್ಟುಹೋದ ಯಂತ್ರವೊಂದನ್ನು ಬಿಚ್ಚಿ ಜೋಡಿಸಿ ಅಭ್ಯಾಸವಾದ ಮೇಲೆ ಅಧ್ಯಾಪಕರ ಎದುರಿನಲ್ಲಿ ಮನೆಯ ಯಂತ್ರವನ್ನು ಮುಟ್ಟಲಿ. ಇಲ್ಲಿ ಹಣದ ಉಳಿತಾಯಕ್ಕಿಂತಲೂ ದೊಡ್ಡದೊಂದಿದೆ. ಯಂತ್ರವಿದ್ಯೆ ಇಂಗ್ಲಿಷ್ ಮಾಧ್ಯಮದವರ ಸೊತ್ತು, ಕನ್ನಡ ಶಾಲೆಯವರದು ಕೇವಲ ಕಥೆ ಕವಿತೆ ಎಂಬ ಕೀಳರಿಮೆ ಗಡಿನಾಡಿನ ಮಕ್ಕಳಲ್ಲಿ ಇನ್ನೂ ಇದೆ. ತನ್ನ ಕೈಯಿಂದ ತೆರೆದ ಯಂತ್ರ ತನ್ನ ಕೈಯಿಂದಲೇ ಮತ್ತೆ ಚಾಲೂ ಆದುದನ್ನು ಕಂಡ ಹುಡುಗಿಗೆ ಆ ಕೀಳರಿಮೆ ಉಳಿಯಲಾರದು.

ಹಾಗೆಂದು ದೊಡ್ಡ ಡಿಸ್ಕ್ ಬಂದಾಕ್ಷಣ ಕಂಡದ್ದನ್ನೆಲ್ಲ ತುಂಬುವುದು ವಿವೇಕವಲ್ಲ. ಯೂನಿಕೋಡಿನ ರೂಢಿಯ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಆದರೂ ಮುನ್ನೂರು ಪುಟದ ಕನ್ನಡ ಪುಸ್ತಕದ ಅಕ್ಷರಗಳಿಗೆ ಒಂದೂವರೆ ಎಂ.ಬಿ. ಧಾರಾಳ ಸಾಕು. ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವೀಡಿಯೋ ನೂರು ಎಂ.ಬಿ.ಯಷ್ಟಾಗುತ್ತದೆ, ಅಂದರೆ ಅರುವತ್ತಕ್ಕೂ ಹೆಚ್ಚು ಪುಸ್ತಕಗಳ ಜಾಗ. ವಾಟ್ಸಾಪಿನಲ್ಲಿ ಬಂದ ಶುಭೋದಯದ ಚಿತ್ರಗಳು ಪತ್ತಾಯ ತುಂಬಿ, ಅಜ್ಜ ಹಾಡಿದ ಯಕ್ಷಗಾನದ ಪದಗಳಿಗೆ, ಅಜ್ಜಿ ಹೇಳಿದ ಪಾಡ್ದನಕ್ಕೆ ಜಾಗವಿಲ್ಲವಾಗುವುದು ನಾಚಿಕೆಗೇಡು. ಜೊಳ್ಳನ್ನು ತೂರಿ ಕಾಳನ್ನು ಇಡುವ ಬುದ್ಧಿ ಮೊದಲು ಬರಲಿ.

ಇನ್ನೊಂದು ಎಚ್ಚರಿಕೆ. ದೊಡ್ಡ ಡಿಸ್ಕ್ ಕೆಟ್ಟರೆ ನಷ್ಟವೂ ದೊಡ್ಡದೇ. ಬೆಲೆಯುಳ್ಳ ಯಾವುದೂ ಒಂದೇ ಕಡೆ ಇರಬಾರದು. ಎರಡನೆಯ ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಎಸ್.ಎಸ್.ಡಿ.ಯನ್ನು ವಿದ್ಯುತ್ ತಾಗಿಸದೆ ವರ್ಷಗಟ್ಟಲೆ ಇಟ್ಟರೆ ಅದರಲ್ಲಿರುವುದು ಅಳಿಯುವ ಸಂಭವವುಂಟು. ಹಳೆಯ ಡಿಸ್ಕನ್ನು ಗುಜರಿಗೆ ಕೊಡುವುದಾದರೆ ಬರೇ ‘ಡಿಲೀಟ್’ ಒತ್ತಿದರೆ ಸಾಲದು; ಅಳಿಸಿದ ಆಧಾರ್ ಪ್ರತಿಯನ್ನೂ ಫೋಟೋವನ್ನೂ ಮತ್ತೆ ಹೊರತೆಗೆಯಲು ಬರುತ್ತದೆ. ಪೂರ್ತಿಯಾಗಿ ಅಳಿಸುವ ತಂತ್ರಾಂಶ ಬಳಸಿದ ಮೇಲೆಯೇ ಕೈಬಿಡಬೇಕು.

ನಮ್ಮ ಸಲಹೆ ಇಷ್ಟೆ. ಶಾಲೆಯ ಲಿಟಲ್ ಕೈಟ್ಸ್ ಘಟಕವೂ ರಕ್ಷಕ-ಶಿಕ್ಷಕ ಸಂಘವೂ ಕೂಡಿ ವರ್ಷಕ್ಕೆ ಎರಡು ಶನಿವಾರಗಳನ್ನು ಈ ಕೆಲಸಕ್ಕೆ ಮೀಸಲಿಡಲಿ. ಮನೆಯ ಕಪಾಟಿನ ಮೇಲಿರುವ ಯಂತ್ರವನ್ನು ಹೆತ್ತವರು ಕೆಳಗಿಳಿಸಿ ತರಲಿ. ದುರಸ್ತಿಯಾಗುವಂತಹದು ಮನೆಗೆ ಮರಳಲಿ, ಆಗದ್ದು ಮುಂದಿನ ತಂಡದ ಅಭ್ಯಾಸಕ್ಕಾಗಲಿ. ವಿದ್ಯಾರ್ಥಿಗಳೇ, ಹೊಸತು ಬೇಕೆಂದು ಹಟ ಹಿಡಿಯುವ ಮೊದಲು ಹಳೆಯದರ ಹೊಟ್ಟೆಯಲ್ಲಿ ಏನಿದೆಯೆಂದು ಒಮ್ಮೆ ನೋಡಿ. ಅಪ್ಪನ ಸಾಲದ ಒಂದು ಕಂತು ಕಡಿಮೆಯಾದರೆ ಅದೂ ನೀವು ಗಳಿಸಿದ ಅಂಕವೇ.