ಮಾತ್ರೆ ಬೆಲೆ ಏರಿತು, ಮಾಸಾಶನ ನಿಂತಲ್ಲೇ ನಿಂತಿತು

ಸಕ್ಕರೆ ಕಾಯಿಲೆ ಒಂದೇ ಆದರೆ ಹೇಗೋ ನಡೀತದೆ. ಅದರ ಹಿಂದೆಯೇ ಬಿ.ಪಿ., ಮಂಡಿನೋವು, ಕಣ್ಣಿನ ಪೊರೆ ಎಲ್ಲವೂ ಬಂದು ಕೂತರೆ ಮುದಿ ಜೀವ ಏನು ಮಾಡಬೇಕು? ಮೆಡಿಕಲ್ ಶಾಪಿನವರನ್ನು ಕೇಳಿ ನೋಡಿ. "ಚೀಟೀಲಿರೋದೆಲ್ಲ ಬೇಡಪ್ಪ, ಐದು ದಿನದ್ದು ಕತ್ತರಿಸಿ ಕೊಡು" ಎನ್ನುವ ಹಿರಿಯರು ದಿನವೂ ಬರ್ತಾರೆ.

2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದ ಬಡವರಿಗೆ ಕೊಡುವ ಮಾಸಾಶನ 2021ರಲ್ಲಿ 1,200 ರೂಪಾಯಿ ಆಯಿತು. ಅಂದರೆ ದಿನಕ್ಕೆ 40 ರೂಪಾಯಿ. ಅದೂ ಕೈಗೆ ಬರೋ ಮೊದಲೇ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅರ್ಧ ಕರಗಿರ್ತದೆ. ಅತ್ತ ಅಗತ್ಯ ಔಷಧಿಗಳ ಗರಿಷ್ಠ ಬೆಲೆಯನ್ನು ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಿಸಲು 2013ರ ಔಷಧಿ ಬೆಲೆ ನಿಯಂತ್ರಣ ಆದೇಶವೇ ಇದೆ. 2022ರಲ್ಲಿ ಶೇ. 10ಕ್ಕೂ, 2023ರಲ್ಲಿ ಶೇ. 12ಕ್ಕೂ ಹೆಚ್ಚು ಏರಿಸಲು ಅಪ್ಪಣೆ ಸಿಕ್ಕಿತು. ಕಂಪೆನಿಗೆ ಸೂಚ್ಯಂಕ ಉಂಟು, ನೌಕರರಿಗೆ ತುಟ್ಟಿಭತ್ಯೆ ಉಂಟು. ಮುದುಕರ ಮಾಸಾಶನಕ್ಕೆ ಮಾತ್ರ ಎರಡೂ ಇಲ್ಲ. ಇದು ಯಾವ ನ್ಯಾಯ ಸ್ವಾಮಿ?

ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ತುಂಬಿದವರಿಗೆಲ್ಲ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಒಳ್ಳೆಯದೇ. ಆದರೆ ಆ ಕಾರ್ಡು ನಡೆಯೋದು ಆಸ್ಪತ್ರೆಗೆ ಅಡ್ಮಿಟ್ ಆದಾಗ. ಮನೆಯಲ್ಲಿ ಕೂತು ದಿನಾ ನುಂಗುವ ಮಾತ್ರೆಗೆ ಅದು ಬರೋದಿಲ್ಲ. ಕಾಸಿಲ್ಲದೆ ಬಿ.ಪಿ. ಮಾತ್ರೆ ಬಿಟ್ಟವರು ಲಕ್ವ ಹೊಡೆದು ಮಲಗಿದ ಮೇಲೆ ಲಕ್ಷಗಟ್ಟಲೆ ಸುರಿಯುವುದಕ್ಕೆ ಸರ್ಕಾರ ತಯಾರು. ಮಲಗದ ಹಾಗೆ ನೋಡಿಕೊಳ್ಳೋದಕ್ಕೆ ಕೈ ಬಿಗಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ, ಬಿ.ಪಿ. ಮಾತ್ರೆ ಪುಕ್ಕಟೆ ಸಿಗ್ತದಲ್ಲ ಎನ್ನಬಹುದು. ಸಿಗ್ತದೆ, ದಾಸ್ತಾನು ಇದ್ದ ದಿನ. ಹೋಗಿಬರುವ ಖರ್ಚು? 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ಸು ಉಚಿತ. ಅಜ್ಜನಿಗೆ ಟಿಕೆಟ್ಟಿನಲ್ಲಿ ಕಾಲು ಭಾಗ ಮಾತ್ರ ರಿಯಾಯ್ತಿ. ಸಕ್ಕರೆಗೆ ಒಂದು ದಿನ, ಕಣ್ಣಿಗೆ ಒಂದು ದಿನ, ಮೂಳೆಗೆ ಇನ್ನೊಂದು ದಿನ ಅಂತ ಓಡಾಡಿಸಿದರೆ ಜೊತೆಗೆ ಬರುವ ಮಗನ ಮೂರು ದಿನದ ಕೂಲಿಯೂ ಹೋಯ್ತು.

ಬೇಕಾದ್ದು ಇನ್ನೊಂದು ಹೊಸ ಹೆಸರಿನ ಯೋಜನೆ ಅಲ್ಲ. ಬೆಲೆ ಏರಿದಷ್ಟೂ ಮಾಸಾಶನ ತಾನಾಗಿಯೇ ಏರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹಿರಿಯರನ್ನು ಒಂದೇ ದಿನ ಎಲ್ಲ ಡಾಕ್ಟರು ನೋಡಿ, ತಿಂಗಳ ಔಷಧಿ ಒಟ್ಟಿಗೆ ಕೊಟ್ಟು ಕಳಿಸಲಿ. ಆಸ್ಪತ್ರೆ ಚೀಟಿ ತೋರಿಸಿದ ಅಜ್ಜನಿಗೂ ಬಸ್ಸು ಉಚಿತವಾಗಲಿ.

ಓಟಿನ ದಿನ ಈ ಹಿರಿಯರನ್ನು ಕೈಹಿಡಿದು ಆಟೋ ಹತ್ತಿಸುವವರಿಗೆ ಉಳಿದ ದಿನಗಳಲ್ಲೂ ಅವರ ನೆನಪಿರಲಿ.